ಫೋಟೋದಂತೆ ಕಾಣುವ, ಎಲ್ಲೂ ಕಾಣಸಿಗದ ಚಿತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರದರ್ಶನದಲ್ಲಿ ಚಿತ್ರದ ಪಕ್ಕ ನಿಂತಾಗಲೂ, ಬಂದ ಪತ್ರಗಳನ್ನು ತೆರೆದಾಗಲೂ ನನಗೆ ಎದುರಾಗುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಒಬ್ಬೊಬ್ಬರಿಗೂ ಅವಸರದಲ್ಲಿ ಅರ್ಧಂಬರ್ಧ ಹೇಳುವುದಕ್ಕಿಂತ ಒಮ್ಮೆ ಸಾವಧಾನವಾಗಿ ಬರೆದಿಡುವುದು ಮೇಲೆನಿಸಿತು. ಕೆಲವು ಉತ್ತರಗಳು ಉದ್ದವಾಗಿವೆ, ಕೆಲವು ಒಂದೆರಡು ಸಾಲಿನವು. ಅದಕ್ಕೆ ಕಾರಣ ಪ್ರಶ್ನೆಯ ಯೋಗ್ಯತೆಯಲ್ಲ, ನನ್ನ ಆಸಕ್ತಿ.

ಇದು ಫೋಟೋವೇ? ಕಂಪ್ಯೂಟರಿನಲ್ಲಿ ಮಾಡಿದ್ದೇ?

ಎರಡೂ ಅಲ್ಲ. ಹಲಗೆಯ ಮೇಲೆ ತೈಲವರ್ಣ, ಕೈಯಲ್ಲಿ ಕುಂಚ. ನಂಬಿಕೆ ಬಾರದಿದ್ದರೆ ಚಿತ್ರವನ್ನು ಎದುರಿನಿಂದ ನೋಡುವುದನ್ನು ಬಿಟ್ಟು ಪಕ್ಕಕ್ಕೆ ಸರಿಯಿರಿ. ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವ ಕೋನದಿಂದ ನೋಡಿ. ಬಿಳಿ ಹೆಚ್ಚಿರುವ ಕಡೆ ಬಣ್ಣ ಕೂದಲೆಳೆಯಷ್ಟು ಉಬ್ಬಿರುತ್ತದೆ, ನೆರಳಿನ ಭಾಗ ತೆಳ್ಳಗೆ, ಗಾಜಿನಂತೆ ಇರುತ್ತದೆ. ಮುದ್ರಿಸಿದ ಹಾಳೆಯಲ್ಲಿ ಈ ಏರುತಗ್ಗು ಇರುವುದಿಲ್ಲ. ಮೊಬೈಲ್ ಪರದೆಯಲ್ಲಿ ನೀವು ನೋಡುವುದು ಹೇಗೂ ಚಿತ್ರದ ಫೋಟೋವನ್ನೇ. ಅಲ್ಲಿ ಅನುಮಾನ ಹುಟ್ಟಿದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ನಿಮ್ಮ ಶೈಲಿಗೆ ಏನು ಹೆಸರು?

ಗ್ಯಾಲರಿಯವರು ಫಲಕದ ಮೇಲೆ ‘ಫೋಟೋರಿಯಲಿಸ್ಟಿಕ್ ಸರ್ರಿಯಲಿಸಂ’ ಎಂದು ಬರೆಯುತ್ತಾರೆ. ನಾನು ಬೇಡವೆನ್ನುವುದಿಲ್ಲ. ಆದರೆ ಆ ಎರಡಕ್ಕೂ ಹುಟ್ಟು ಬೇರೆ, ಸ್ವಭಾವ ಬೇರೆ.

ಸರ್ರಿಯಲಿಸಂ, ಅಂದರೆ ಅತಿವಾಸ್ತವವಾದ, ಶುರುವಾದದ್ದು ಪ್ಯಾರಿಸ್ಸಿನ ಕವಿಗಳಿಂದ. 1924ರಲ್ಲಿ ಆಂದ್ರೆ ಬ್ರೆತೊ ಅದರ ಪ್ರಣಾಳಿಕೆಯನ್ನು ಪ್ರಕಟಿಸಿದ. ಬುದ್ಧಿಯ ಕಾವಲು ತಪ್ಪಿಸಿ ಮನಸ್ಸಿನ ತಳದಲ್ಲಿರುವುದನ್ನು ಹೊರಗೆ ತರಬೇಕು ಎಂಬುದು ಅವನ ಹಟ. ಚಿತ್ರಕಾರರು ಈ ಮಾತನ್ನು ಎರಡು ರೀತಿಯಲ್ಲಿ ತೆಗೆದುಕೊಂಡರು. ಆಂದ್ರೆ ಮಾಸನ್‌ನಂಥವರು ಕೈಯನ್ನು ಅದರ ಪಾಡಿಗೆ ಬಿಟ್ಟು ಗೆರೆ ಎಳೆದರು. ಸಾಲ್ವಡಾರ್ ಡಾಲಿ, ರೆನೆ ಮಾಗ್ರಿತ್ ಅಂಥವರು ಅಸಾಧ್ಯವಾದ ದೃಶ್ಯವನ್ನು ಹಳೆಯ ಕಾಲದ ಕಸುಬುದಾರರ ಹಾಗೆ ನುಣುಪಾಗಿ, ನಿಖರವಾಗಿ ಬರೆದರು. ಡಾಲಿ ತನ್ನ ಕೃತಿಗಳನ್ನು ಕೈಯಿಂದ ಬರೆದ ಕನಸಿನ ಛಾಯಾಚಿತ್ರಗಳು ಎಂದು ಕರೆಯುತ್ತಿದ್ದ. ಕರಗುವ ಗಡಿಯಾರಗಳ ಅವನ 1931ರ ಚಿತ್ರ ಎಷ್ಟು ದೊಡ್ಡದಿರಬಹುದು ಎಂದು ಕೇಳಿದರೆ ಹೆಚ್ಚಿನವರು ಗೋಡೆಯಷ್ಟು ಎನ್ನುತ್ತಾರೆ. ಅದರ ಅಳತೆ 24 ಸೆಂಟಿಮೀಟರಿಗೆ 33 ಸೆಂಟಿಮೀಟರ್, ಅಷ್ಟೇ.

ಫೋಟೋರಿಯಲಿಸಂ ತಲೆಯೆತ್ತಿದ್ದು 1960ರ ದಶಕದ ಕೊನೆಯಲ್ಲಿ, ಅಮೆರಿಕದಲ್ಲಿ. ಗ್ಯಾಲರಿ ನಡೆಸುತ್ತಿದ್ದ ಲೂಯಿಸ್ ಮೈಸೆಲ್ 1969ರಲ್ಲಿ ಆ ಹೆಸರಿಟ್ಟ. ರಿಚರ್ಡ್ ಎಸ್ಟೆಸ್ ಅಂಗಡಿ ಗಾಜುಗಳಲ್ಲಿ ಮೂಡುವ ಬೀದಿಯ ಪ್ರತಿಬಿಂಬಗಳನ್ನು ಬರೆದ. ಚಕ್ ಕ್ಲೋಸ್ 1967-68ರಲ್ಲಿ ತನ್ನದೇ ಮುಖವನ್ನು ಸುಮಾರು 2.7 ಮೀಟರ್ ಎತ್ತರಕ್ಕೆ, ಕಪ್ಪುಬಿಳುಪಿನಲ್ಲಿ, ಗಡ್ಡದ ಒಂದೊಂದು ಕೂದಲೂ ಕಾಣುವಂತೆ ಬರೆದ. ಇವರಿಗೆ ಕನಸಿನ ಗೊಡವೆ ಇರಲಿಲ್ಲ. ಫೋಟೋ ಏನು ತೋರಿಸುತ್ತದೋ ಅದನ್ನು ತಣ್ಣಗೆ, ಭಾವಾವೇಶವಿಲ್ಲದೆ ಬಟ್ಟೆಗೆ ಇಳಿಸಿದರು. ನಾನು ಇವರಿಂದ ಕಸುಬನ್ನು ತೆಗೆದುಕೊಂಡೆ, ಮೊದಲಿನವರಿಂದ ಚಪಲವನ್ನು.

ಅಷ್ಟು ನಿಖರವಾಗಿ ಬರೆಯುವ ಬದಲು ಫೋಟೋವನ್ನೇ ತೆಗೆಯಬಹುದಲ್ಲ?

ತೆಗೆಯಬಹುದು, ಆ ವಸ್ತು ಎಲ್ಲಾದರೂ ಇದ್ದರೆ.

ಫೋಟೋಗಳನ್ನು ಕತ್ತರಿಸಿ ಜೋಡಿಸುವವರ ಕೆಲಸವನ್ನು ನಾನು ಕೀಳಾಗಿ ಕಾಣುವುದಿಲ್ಲ, ಅದರಲ್ಲಿ ಪಳಗಿದವರಿದ್ದಾರೆ. ಆದರೆ ಜೋಡಣೆಯಲ್ಲಿ ಪ್ರತಿ ತುಣುಕೂ ತನ್ನ ಬೆಳಕು, ತನ್ನ ಲೆನ್ಸು, ತನ್ನ ಹವಾಮಾನವನ್ನು ಹೊತ್ತು ತಂದಿರುತ್ತದೆ. ಅವೆಲ್ಲವನ್ನೂ ಒಂದೇ ಕೈ ಮತ್ತೆ ಮೊದಲಿನಿಂದ ಬರೆದಾಗ ತುಣುಕುಗಳ ನಡುವಿನ ಹೊಲಿಗೆ ಮಾಯವಾಗುತ್ತದೆ.

ಇನ್ನೊಂದು ಕಾರಣವೂ ಇದೆ. ನಾನು ಪಾಲಿಸುವ ನಿಯಮ ಒಂದೇ: ಒಂದು ಚಿತ್ರಕ್ಕೆ ಒಂದೇ ಸುಳ್ಳು. ಉಳಿದದ್ದೆಲ್ಲ ಸಾಕ್ಷಿ ಹೇಳುವಷ್ಟು ನಿಜವಾಗಿರಬೇಕು. ಮಾಗ್ರಿತ್ 1938ರಲ್ಲಿ ಬರೆದ ಚಿತ್ರವೊಂದರಲ್ಲಿ ಅಗ್ಗಿಷ್ಟಿಕೆಯ ಒಳಗಿನಿಂದ ಉಗಿಬಂಡಿಯೊಂದು ಕೋಣೆಗೆ ನುಗ್ಗುತ್ತಿದೆ. ಅದು ಅಲ್ಲಿ ಏಕಿದೆ ಎಂದು ಅವನು ಹೇಳುವುದಿಲ್ಲ. ಆದರೆ ಬಂಡಿಯ ಹೊಗೆ ಮಾತ್ರ ಮರ್ಯಾದೆಯಿಂದ ಚಿಮಣಿಯ ಕಡೆಗೇ ಏರುತ್ತಿದೆ! ಆ ಹೊಗೆ ಕೋಣೆಯಲ್ಲೆಲ್ಲ ಹರಡಿದ್ದರೆ ಚಿತ್ರ ಗದ್ದಲವಾಗುತ್ತಿತ್ತು. ತನ್ನ ದಾರಿ ಹಿಡಿದದ್ದರಿಂದ ನಾವು ನಂಬುತ್ತೇವೆ. ಹಾರುವ ಮೀನು, ಕಣ್ಣಿರುವ ಮರ, ಎರಡು ಚಂದ್ರ, ಕರಗುವ ಮೆಟ್ಟಿಲು, ಎಲ್ಲವನ್ನೂ ಒಂದೇ ಹಲಗೆಗೆ ತುರುಕಿದ ಚಿತ್ರಗಳ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲಲಾರೆ. ಏನು ಬೇಕಾದರೂ ಆಗಬಹುದಾದ ಕಡೆ ಯಾವುದೂ ಬೆರಗು ಹುಟ್ಟಿಸುವುದಿಲ್ಲ.

ನೀವು ಕಲಾಶಾಲೆಗೆ ಹೋಗಿಲ್ಲವೇ?

ಹೋಗಿಲ್ಲ. ಆದರೆ ಗುರುವಿಲ್ಲದೆ ಕಲಿತೆ ಎಂದು ಯಾರೇ ಹೇಳಿಕೊಂಡರೂ ನನಗೆ ಅನುಮಾನ. ಏಕಲವ್ಯನಿಗೂ ಮಣ್ಣಿನ ದ್ರೋಣರು ಬೇಕಾಯಿತು. ನನ್ನ ದ್ರೋಣರು ವಸ್ತುಸಂಗ್ರಹಾಲಯಗಳು ಎಲ್ಲರಿಗೂ ತೆರೆದಿಟ್ಟಿರುವ ದೊಡ್ಡ ಸ್ಕ್ಯಾನುಗಳು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತಮ್ಮ ಸಂಗ್ರಹದ ಅಪಾರ ಕೃತಿಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿವೆ. ಹದಿನೇಳನೆಯ ಶತಮಾನದ ಡಚ್ ಚಿತ್ರವೊಂದರ ಗಾಜಿನ ಲೋಟವನ್ನು ಪರದೆಯ ತುಂಬ ಹಿಗ್ಗಿಸಿ ನೋಡಿ: ನಾಲ್ಕು ಬೂದು ಪಟ್ಟೆ, ಒಂದು ಬಿಳಿ ಚುಕ್ಕೆ. ಲೋಟವೇ ಇಲ್ಲ.

ಈ ದಾರಿಯಲ್ಲಿ ಸ್ವಂತವಾಗಿ ಕಲಿತವರು ಬಹಳ ಮಂದಿ. ಈವ್ ತಾಂಗಿ ವ್ಯಾಪಾರಿ ಹಡಗಿನಲ್ಲಿ ದುಡಿದವನು. 1920ರ ದಶಕದ ಆರಂಭದಲ್ಲಿ ಬಸ್ಸಿನಲ್ಲಿ ಹೋಗುವಾಗ ಅಂಗಡಿಯ ಕಿಟಕಿಯಲ್ಲಿ ಜಾರ್ಜಿಯೊ ದ ಕಿರಿಕೊನ ಚಿತ್ರ ಕಂಡು ಕುಂಚ ಹಿಡಿದ ಎಂಬುದು ಪ್ರಸಿದ್ಧ ಕಥೆ. ಮ್ಯಾಕ್ಸ್ ಅರ್ನ್ಸ್ಟ್ ಓದಿದ್ದು ಬಾನ್ ವಿಶ್ವವಿದ್ಯಾಲಯದಲ್ಲಿ, ಚಿತ್ರಕಲೆಯನ್ನಲ್ಲ. ಪೋಲೆಂಡಿನ ಜ್ಡಿಸ್ಲಾವ್ ಬೆಕ್ಷಿನ್‌ಸ್ಕಿ ವಾಸ್ತುಶಿಲ್ಪ ಕಲಿತವನು. ಅವನ ಭಯಾನಕ ಭೂದೃಶ್ಯಗಳೆಲ್ಲ ಸ್ವಂತ ಅಭ್ಯಾಸದ ಫಲ. ಹಾಗೆಂದು ಶಾಲೆಯನ್ನು ಹಳಿಯುವುದೂ ಬೇಡ. ಡಾಲಿ ಮ್ಯಾಡ್ರಿಡ್ಡಿನ ಅಕಾಡೆಮಿಯಲ್ಲಿ ಕಲಿತ, ಕೊನೆಗೆ ಅಲ್ಲಿಂದ ಹೊರದಬ್ಬಿಸಿಕೊಂಡ. ಮಾಗ್ರಿತ್ ಬ್ರಸೆಲ್ಸ್ ಅಕಾಡೆಮಿಯಲ್ಲಿದ್ದ. ಆಮೇಲೆ ಗೋಡೆಕಾಗದದ ಕಾರ್ಖಾನೆಯಲ್ಲಿ ವಿನ್ಯಾಸ ಬರೆದು, ಜಾಹೀರಾತಿನ ಕೆಲಸ ಮಾಡಿ ಹೊಟ್ಟೆ ಹೊರೆದ.

ಶಾಲೆಯಲ್ಲಿ ಸಿಗುವ, ಮನೆಯಲ್ಲಿ ಸಿಗದ ಒಂದು ವಸ್ತುವೆಂದರೆ ಮುಲಾಜಿಲ್ಲದ ಎರಡನೆಯ ಕಣ್ಣು. ಅದಕ್ಕೆ ಬದಲಿಯಾಗಿ ನಾನು ಕನ್ನಡಿ ಇಟ್ಟುಕೊಂಡಿದ್ದೇನೆ. ಬೆನ್ನು ತಿರುಗಿಸಿ ಚಿತ್ರವನ್ನು ಕನ್ನಡಿಯಲ್ಲಿ ನೋಡಿದರೆ ಎಡಬಲ ಅದಲುಬದಲಾಗಿ, ಅಭ್ಯಾಸದಿಂದ ಕಣ್ಣಿಗೆ ಬೀಳದೆ ಹೋಗಿದ್ದ ಸೊಟ್ಟು ಎದ್ದು ಕಾಣುತ್ತದೆ. ತಲೆಕೆಳಗು ಮಾಡಿ ನೋಡುವುದೂ ಒಳ್ಳೆಯದು. ಅನುಮಾನ ಉಳಿದರೆ ಚಿತ್ರವನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಮರೆತು, ಬೇರೆ ಕೆಲಸ ಹಿಡಿಯಬೇಕು.

ಈಗ ಶುರುಮಾಡಲು ವಯಸ್ಸು ಮೀರಿತೇ?

ಆನ್ರಿ ರೂಸೊ ಪ್ಯಾರಿಸ್ಸಿನಲ್ಲಿ ಸುಂಕದ ಕಟ್ಟೆಯ ನೌಕರನಾಗಿದ್ದ. ಚಿತ್ರಕಲೆಯನ್ನು ಮನಸ್ಸಿಟ್ಟು ಹಿಡಿದದ್ದು ನಲವತ್ತರ ಹೊಸ್ತಿಲಲ್ಲಿ. ನಗುವವರು ನಕ್ಕರು, ಅವನು ಬರೆದ ಕಾಡುಗಳು ಉಳಿದವು.

ಯಾವ ಕ್ರಮದಲ್ಲಿ ಕಲಿಯಬೇಕು?

ಬಣ್ಣವನ್ನು ಸದ್ಯಕ್ಕೆ ಮುಟ್ಟಬೇಡಿ. ಈ ಬಗೆಯ ಚಿತ್ರದಲ್ಲಿ ಮುಕ್ಕಾಲು ಕೆಲಸ ಮಾಡುವುದು ಛಾಯೆ, ಅಂದರೆ ಯಾವ ಜಾಗ ಎಷ್ಟು ಬೆಳಗಿದೆ, ಎಷ್ಟು ಕತ್ತಲಾಗಿದೆ ಎಂಬುದು. ಪೆನ್ಸಿಲ್ಲಿನಲ್ಲಿ ಬಿಳಿಯಿಂದ ಕಪ್ಪಿನವರೆಗೆ ಒಂಬತ್ತು ಮೆಟ್ಟಿಲಿನ ಪಟ್ಟಿ ಮಾಡಿಕೊಳ್ಳಿ. ಬಿಳಿ ಬಟ್ಟೆಯ ಮೇಲೆ ಬಿಳಿ ಮೊಟ್ಟೆಯಿಟ್ಟು, ಒಂದೇ ದೀಪದ ಬೆಳಕಿನಲ್ಲಿ ಬರೆಯಿರಿ. ನೆರಳಿನ ಕಡೆಯ ಮೊಟ್ಟೆ ಬೆಳಕಿನಲ್ಲಿರುವ ಬಟ್ಟೆಗಿಂತ ಎಷ್ಟು ಕಪ್ಪು ಎಂಬುದನ್ನು ಒಪ್ಪಿಕೊಳ್ಳುವುದಕ್ಕೇ ಮನಸ್ಸು ಹಿಂಜರಿಯುತ್ತದೆ. ‘ಮೊಟ್ಟೆ ಬೆಳ್ಳಗಿದೆ’ ಎಂದು ತಲೆ ಹಟ ಹಿಡಿಯುತ್ತದೆ.

ಈ ಹಟ ಎಷ್ಟು ಗಟ್ಟಿ ಎಂಬುದನ್ನು ನೋಡಬೇಕಾದರೆ ದೃಷ್ಟಿವಿಜ್ಞಾನಿ ಎಡ್ವರ್ಡ್ ಅಡೆಲ್ಸನ್ 1995ರಲ್ಲಿ ಪ್ರಕಟಿಸಿದ ಚದುರಂಗದ ಮಣೆಯ ಭ್ರಮೆಯನ್ನು ಹುಡುಕಿ ನೋಡಿ. ನೆರಳಿನಲ್ಲಿರುವ ‘ಬಿಳಿ’ ಮನೆ, ಬೆಳಕಿನಲ್ಲಿರುವ ‘ಕಪ್ಪು’ ಮನೆ, ಎರಡೂ ಅಳತೆ ಮಾಡಿದರೆ ಒಂದೇ ಬೂದು. ಗೊತ್ತಿದ್ದೂ ಕಣ್ಣು ಒಪ್ಪುವುದಿಲ್ಲ. ಆದ್ದರಿಂದ ಬೂದು ರಟ್ಟಿನ ತುಂಡಿಗೆ ಚಿಕ್ಕ ತೂತು ಕೊರೆದು, ಅದರ ಮೂಲಕ ಒಂದೊಂದೇ ಜಾಗವನ್ನು ಬೇರ್ಪಡಿಸಿ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಸುತ್ತಲಿನದು ಮರೆಯಾದ ಕೂಡಲೇ ನಿಜವಾದ ಬಣ್ಣ ಸಿಗುತ್ತದೆ.

ಆಮೇಲೆ ಲೋಹ, ಗಾಜು. ಇವು ಕಷ್ಟವೆಂದು ಹೆದರುತ್ತಾರೆ, ವಾಸ್ತವದಲ್ಲಿ ಬಟ್ಟೆಗಿಂತ ಸುಲಭ. ಅವುಗಳ ಗಡಿಗಳು ಸ್ಪಷ್ಟವಾಗಿರುತ್ತವೆ. ಮನುಷ್ಯರ ಚರ್ಮ ಕೊನೆಗಿರಲಿ.

ಕಲ್ಪನೆಗಳು ಎಲ್ಲಿಂದ ಬರುತ್ತವೆ? ಕನಸುಗಳೇ?

ಕನಸುಗಳು ನನಗೆ ಅಷ್ಟಾಗಿ ಒದಗಿಬಂದಿಲ್ಲ. ಬೆಳಗ್ಗೆ ಬರೆದಿಟ್ಟುಕೊಂಡರೆ ಸಂಜೆಗೆ ಅವು ಪೇಲವವಾಗಿರುತ್ತವೆ. ಎರಡು ವಸ್ತುಗಳ ನಡುವಿನ ಹೋಲಿಕೆಯೇ ನನಗೆ ಹೆಚ್ಚಾಗಿ ದಾರಿ ತೋರಿಸಿದೆ: ಮಡಿಸಿದ ಕಾಗದದ ಏಣು ಬೆಟ್ಟಸಾಲಿನ ಹಾಗೆ ಕಂಡಿತು, ಬೀಗದ ಕಿಂಡಿ ದೂರದಲ್ಲಿ ನಿಂತ ಮನುಷ್ಯನ ಹಾಗೆ ಕಂಡಿತು. ಚಿಕ್ಕ ಪುಸ್ತಕದಲ್ಲಿ ಗೀಚಿಡುತ್ತೇನೆ. ತಿಂಗಳುಗಳು ಕಳೆದ ಮೇಲೂ ತಮಾಷೆಯಾಗಿ ಕಾಣದೆ ಕಾಡುವುದು ಯಾವುದೋ ಅದಷ್ಟೇ ಹಲಗೆ ಹತ್ತುತ್ತದೆ. ನಗೆಹನಿಯಂತೆ ಒಂದು ಕ್ಷಣಕ್ಕೆ ಮುಗಿಯುವ ಕಲ್ಪನೆಗೆ ತಿಂಗಳುಗಟ್ಟಲೆ ಸುರಿಯುವುದು ದಂಡ.

ಇಲ್ಲದ ದೃಶ್ಯಕ್ಕೆ ನೆರಳು ಬೆಳಕನ್ನು ಎಲ್ಲಿಂದ ತರುತ್ತೀರಿ?

ಈ ಪ್ರಶ್ನೆ ಕೇಳಿದವರನ್ನು ನಾನು ಸುಲಭವಾಗಿ ಬಿಡುವುದಿಲ್ಲ. ಈಗ ಈಸಲ್ ಮೇಲಿರುವ ಚಿತ್ರವನ್ನೇ ತೆಗೆದುಕೊಳ್ಳಿ: ಹಳೆಯ ಮರದ ಮೇಜು, ಅರ್ಧ ಎಳೆದ ಖಾನೆ, ಖಾನೆಯೊಳಗೆ ಸಮುದ್ರ. ಮೇಜು ನನ್ನ ಕೋಣೆಯಲ್ಲಿದೆ, ಸಮುದ್ರ ಸಮುದ್ರದಲ್ಲಿದೆ.

ಮೊದಲ ತೊಡಕು ಅಳತೆಯದು. ಖಾನೆಯಲ್ಲಿ ತಟ್ಟೆಯಿಟ್ಟು, ನೀರು ತುಂಬಿ, ಬೆರಳಿನಿಂದ ಅಲೆ ಎಬ್ಬಿಸಿ ಫೋಟೋ ತೆಗೆದರೆ ಅದು ತಟ್ಟೆಯ ನೀರಾಗಿಯೇ ಉಳಿಯುತ್ತದೆ. ಹನಿಯ ಗಾತ್ರ, ನೊರೆಯ ಗುಳ್ಳೆ, ಅಂಚಿನಲ್ಲಿ ನೀರು ತುಸು ಮೇಲಕ್ಕೆ ಹತ್ತಿಕೊಳ್ಳುವ ರೀತಿ, ಇವು ಪಾತ್ರೆ ಕಿರಿದಾಯಿತೆಂದು ಕಿರಿದಾಗುವುದಿಲ್ಲ. ಹಳೆಯ ಸಿನಿಮಾಗಳ ಆಟಿಕೆ ಹಡಗುಗಳು ಸಿಕ್ಕಿಬೀಳುವುದು ಇಲ್ಲೇ. ಹಾಗಾಗಿ ಅಲೆಗಳಿಗೆ ನಿಜವಾದ ಸಮುದ್ರವೇ ಬೇಕು. ಎತ್ತರದ ಬಂಡೆಯ ಮೇಲೆ ನಿಂತು, ಮೇಜಿನ ಮುಂದೆ ನಿಂತಾಗ ಖಾನೆಯತ್ತ ಯಾವ ಕೋನದಲ್ಲಿ ತಗ್ಗಿ ನೋಡುತ್ತೇನೋ ಅದೇ ಕೋನದಲ್ಲಿ ಕ್ಯಾಮೆರಾ ತಗ್ಗಿಸಬೇಕು. ಸೂರ್ಯ ಎಡಗಡೆಗಿರಬೇಕು, ಕೋಣೆಯ ಕಿಟಕಿಯಿಂದ ಬಿಸಿಲು ಬೀಳುವ ಎತ್ತರದಲ್ಲೇ ಇರಬೇಕು. ಹೊತ್ತು ತಪ್ಪಿದರೆ ಬರಿಗೈಯಲ್ಲಿ ವಾಪಸು.

ತಟ್ಟೆಯ ನೀರೂ ವ್ಯರ್ಥವಲ್ಲ. ನೀರು ಮರಕ್ಕೆ ಏನು ಮಾಡುತ್ತದೆ ಎಂಬುದನ್ನು ಅದೇ ತೋರಿಸಿಕೊಡಬೇಕು. ಒದ್ದೆಯಾದ ಮರ ಗಾಢವಾಗುತ್ತದೆ. ನೀರಿನ ಮಟ್ಟದಿಂದ ಕೊಂಚ ಮೇಲಿನವರೆಗೂ ಆ ಕಪ್ಪು ಏರಿ, ಅಲ್ಲಿ ಅಂಕುಡೊಂಕಾದ ಗೆರೆಯಾಗಿ ನಿಲ್ಲುತ್ತದೆ. ಖಾನೆಯ ಒಳಪಕ್ಕದ ಮೇಲೆ ನೀರಿನಿಂದ ಪುಟಿದ ಬಿಸಿಲು ಬಲೆಯಾಗಿ ಹರಡುತ್ತದೆ. ನೇರವಾಗಿ ಕೆಳಗೆ ನೋಡಿದರೆ ನೀರು ಬೆಳಕಿನ ಶೇಕಡಾ 2ರಷ್ಟನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ನೋಟ ಓರೆಯಾದಷ್ಟೂ ಪ್ರತಿಫಲನ ಹೆಚ್ಚುತ್ತ ಹೋಗುತ್ತದೆ. ಆದ್ದರಿಂದ ಖಾನೆಯ ಹತ್ತಿರದ ತುದಿಯಲ್ಲಿ ನೀರಿನ ಆಳ ಕಾಣಬೇಕು, ದೂರದ ತುದಿಯಲ್ಲಿ ಮೇಜಿನ ಹಲಗೆಯ ಅಡಿಭಾಗದ ಪ್ರತಿಬಿಂಬ ಹೆಚ್ಚಾಗಿ ಕಾಣಬೇಕು. ಆ ಪ್ರತಿಬಿಂಬ ನಾನು ನೋಡುವ ಅಡಿಭಾಗದ ತಿರುಗುಮುರುಗು ನಕಲಲ್ಲ. ನೀರಿನ ಒಳಗಿನಿಂದ ಮೇಲೆ ನೋಡುವ ಕಣ್ಣಿಗೆ ಏನು ಕಾಣುತ್ತಿತ್ತೋ ಅದು. ಮೇಜಿನ ಕೆಳಗೆ ಕನ್ನಡಿ ಇಟ್ಟು ಇದನ್ನು ಪರೀಕ್ಷಿಸಿಕೊಂಡೇ ಬರೆಯುತ್ತೇನೆ.

ಇನ್ನು ನೆರಳಿನ ಅಂಚು. ಸೂರ್ಯ ಆಕಾಶದಲ್ಲಿ ಸುಮಾರು ಅರ್ಧ ಡಿಗ್ರಿ ಅಗಲವಿರುವುದರಿಂದ, ಬಿಸಿಲಿನ ನೆರಳು ವಸ್ತುವಿನ ಬುಡದಲ್ಲಿ ಚೂಪಾಗಿದ್ದು ದೂರ ಹೋದಂತೆ ಮಸುಕಾಗುತ್ತದೆ. ಒಂದು ಮೀಟರ್ ದೂರದ ವಸ್ತುವಿನ ನೆರಳಿನ ಅಂಚು, ಬಿಸಿಲು ನೇರವಾಗಿ ಬೀಳುವ ಮೇಲ್ಮೈಯಲ್ಲಿ, ಸುಮಾರು 9 ಮಿಲಿಮೀಟರ್ ಅಗಲಕ್ಕೆ ಕರಗಿರುತ್ತದೆ. ಅಂಚುಗಳನ್ನೆಲ್ಲ ಒಂದೇ ಚೂಪಿನಲ್ಲಿ ಬರೆದರೆ ನೋಡುವವರಿಗೆ ಕಾರಣ ಹೇಳಲು ಬಾರದಿದ್ದರೂ ‘ಏನೋ ಸರಿಯಿಲ್ಲ’ ಎನಿಸುತ್ತದೆ. ಖಾನೆಯ ಹಿತ್ತಾಳೆ ಹಿಡಿಕೆಯಲ್ಲಿ ಬಾಗಿದ ಪುಟ್ಟ ಕಿಟಕಿ ಮಿನುಗುತ್ತದೆ, ಸಮುದ್ರ ಕಾಣುವುದಿಲ್ಲ. ಹಿಡಿಕೆ ಇರುವುದು ಹೊರಮುಖಕ್ಕೆ. ಪ್ರಾಮಾಣಿಕತೆ ಕಳೆದುಹೋಗುವುದು ಇಂಥ ಸಣ್ಣ ಜಾಗಗಳಲ್ಲೇ.

ಗ್ರಿಡ್, ಪ್ರೊಜೆಕ್ಟರ್ ಬಳಸುವುದು ಮೋಸವಲ್ಲವೇ?

ಚಕ್ ಕ್ಲೋಸ್ ಗ್ರಿಡ್, ಅಂದರೆ ಚೌಕಗೆರೆಗಳ ಬಲೆ, ಹಾಕಿಕೊಂಡು ಬರೆದ. ಫೋಟೋರಿಯಲಿಸ್ಟ್ ಆಡ್ರಿ ಫ್ಲ್ಯಾಕ್ ಸ್ಲೈಡ್ ಪ್ರೊಜೆಕ್ಟರಿನಿಂದ ಬಿಂಬವನ್ನು ಕ್ಯಾನ್ವಾಸ್ ಮೇಲೆ ಬೀಳಿಸಿಕೊಂಡು ಕೆಲಸ ಮಾಡಿದಳು. ಹದಿನೇಳನೆಯ ಶತಮಾನದ ಡಚ್ ಚಿತ್ರಕಾರ ವರ್ಮೀರ್ ಕ್ಯಾಮೆರಾ ಅಬ್ಸ್ಕ್ಯೂರಾ (ಹೊರಗಿನ ದೃಶ್ಯದ ಬಿಂಬವನ್ನು ಒಳಗೆ ಬೀಳಿಸುವ ಕತ್ತಲ ಪೆಟ್ಟಿಗೆ) ಬಳಸಿದ್ದನೇ ಎಂಬ ಜಗಳ ಇನ್ನೂ ಮುಗಿದಿಲ್ಲ. ಯಾರೂ ಬಚ್ಚಿಡಬೇಕಾದ ಸಂಗತಿಯಲ್ಲ ಇದು. ಗ್ರಿಡ್ ನಿಮಗೆ ಮೂಗು ಎಲ್ಲಿದೆ ಎಂದು ಹೇಳುತ್ತದೆ. ಮೂಗಿನ ಅಂಚು ಎಲ್ಲಿ ಗಟ್ಟಿ, ಎಲ್ಲಿ ಕೆನ್ನೆಯೊಳಗೆ ಕರಗಬೇಕು ಎಂದು ಹೇಳುವುದಿಲ್ಲ. ನಾನು ಗ್ರಿಡ್ ಬಳಸುತ್ತೇನೆ. ಪ್ರೊಜೆಕ್ಟರ್ ಬಳಸುವುದಿಲ್ಲ, ಅದಕ್ಕೆ ಕಾರಣ ನೀತಿಯಲ್ಲ: ಕತ್ತಲಲ್ಲಿ ಗೆರೆ ಎಳೆಯುವುದು ನನಗೆ ಬೇಸರ.

ಫೋಟೋವನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿದರೆ ಸಾಕೇ?

ಸಾಲದು. ಫೋಟೋ ಹಲವು ಕಡೆ ಮೋಸಮಾಡುತ್ತದೆ. ನೆರಳಿನೊಳಗಿನ ವಿವರವನ್ನು ನುಂಗಿ ಕಪ್ಪು ಮಾಡುತ್ತದೆ. ಬಿಸಿಲು ಬಿದ್ದ ಜಾಗವನ್ನು ಬರಿಯ ಬಿಳಿ ಮಾಡುತ್ತದೆ. ಮೊಬೈಲಿನ ಅಗಲ ಲೆನ್ಸ್ ಹಿಡಿದು ಮುಖದ ಹತ್ತಿರ ಹೋದರೆ ಮೂಗು ದೊಡ್ಡದಾಗಿ ಕಿವಿಗಳು ಹಿಂದೆ ಸರಿಯುತ್ತವೆ. ದೂರ ನಿಂತು ಜೂಮ್ ಮಾಡಿ ತೆಗೆಯುವುದು ವಾಸಿ. ಒಂದೇ ದೃಶ್ಯವನ್ನು ಕಡಿಮೆ ಬೆಳಕಿಗೆ, ಹೆಚ್ಚು ಬೆಳಕಿಗೆ ಹೊಂದಿಸಿ ಹಲವು ಸಲ ತೆಗೆದಿಟ್ಟುಕೊಳ್ಳಿ. ನೆರಳಿಗೆ ಒಂದು, ಬೆಳಕಿಗೆ ಒಂದು. ಸಾಧ್ಯವಾದ ವಸ್ತುವನ್ನೆಲ್ಲ ಫೋಟೋದ ಜೊತೆಗೆ ಎದುರಿಗೂ ಇಟ್ಟುಕೊಳ್ಳಿ.

ಬೇರೆಯವರ ಫೋಟೋ ನೋಡಿ ಬರೆಯಬಹುದೇ?

ಅಭ್ಯಾಸಕ್ಕೆ, ನಿಮ್ಮ ನಾಲ್ಕು ಗೋಡೆಯೊಳಗೆ, ಬರೆಯಿರಿ. ಪ್ರದರ್ಶಿಸುವ, ಮಾರುವ ಚಿತ್ರಕ್ಕೆ ಬೇಡ. ‘ಮಾಧ್ಯಮ ಬದಲಾಯಿತಲ್ಲ’ ಎಂಬ ಸಮಾಧಾನ ನ್ಯಾಯಾಲಯದಲ್ಲಿ ನಿಲ್ಲುತ್ತದೆಂದು ನೆಚ್ಚಬೇಡಿ. ನಾಯಿಮರಿಗಳನ್ನು ಹಿಡಿದ ದಂಪತಿಯ ಫೋಟೋವನ್ನು ಆಧರಿಸಿ ಜೆಫ್ ಕೂನ್ಸ್ ಶಿಲ್ಪ ಮಾಡಿಸಿದ. ಛಾಯಾಗ್ರಾಹಕ ಆರ್ಟ್ ರೋಜರ್ಸ್ ದಾವೆ ಹೂಡಿದ. 1992ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಕೂನ್ಸ್ ವಿರುದ್ಧ ತೀರ್ಪು ಕೊಟ್ಟಿತು. ಕಾನೂನಿನ ಮಾತು ಅತ್ತ ಇರಲಿ, ಇನ್ನೊಬ್ಬರ ಫೋಟೋದಲ್ಲಿ ಬೆಳಕು ಎಲ್ಲಿಂದ ಬಂತೆಂಬುದು ನಿಮಗೆ ಗೊತ್ತಿರುವುದಿಲ್ಲ. ನನ್ನ ಬಗೆಯ ಕೆಲಸಕ್ಕೆ ಅದೇ ದೊಡ್ಡ ಕೊರತೆ.

ಯಾವ ಬಣ್ಣ, ಯಾವ ಮೇಲ್ಮೈ?

ಹಲಗೆ. ಕ್ಯಾನ್ವಾಸಿನ ನೇಯ್ಗೆ ಸಣ್ಣ ವಿವರಕ್ಕೆ ಅಡ್ಡ ಬರುತ್ತದೆ, ಕುಂಚ ಒತ್ತಿದಾಗ ಕುಗ್ಗುತ್ತದೆ. ಹಲಗೆಗೆ ಜೆಸ್ಸೊ (ಬಣ್ಣಕ್ಕೆ ತಳವಾಗುವ ಬಿಳಿ ಲೇಪ) ಹಲವು ಪದರ ಹಚ್ಚಿ, ಪ್ರತಿ ಪದರವನ್ನೂ ನುಣುಪು ಮರಳುಕಾಗದದಿಂದ ಉಜ್ಜುತ್ತೇನೆ. ಬಣ್ಣ ಹಿಡಿಯುವಷ್ಟು ತರಿ ಉಳಿದಿರಬೇಕು, ಗಾಜಿನಷ್ಟು ನಯವಾದರೆ ಕುಂಚ ಜಾರುತ್ತದೆ.

ಟ್ಯೂಬಿನ ಮೇಲಿನ ಚಂದದ ಹೆಸರನ್ನು ನಂಬಬೇಡಿ, ವರ್ಣದ್ರವ್ಯದ ಸಂಕೇತ ಓದಿ. ಪಿಡಬ್ಲ್ಯೂ 6 ಎಂದರೆ ಟೈಟೇನಿಯಂ ಬಿಳಿ, ಪಿಬಿ 29 ಎಂದರೆ ಅಲ್ಟ್ರಾಮರೀನ್ ನೀಲಿ. ಪಿಆರ್ 83 ಎಂದಿದ್ದರೆ ಅದು ಹಳೆಯ ಅಲಿಜರಿನ್ ಕೆಂಪು, ಬೆಳಕಿಗೆ ಮಾಸುತ್ತದೆ. ಅದರ ಬದಲು ಕ್ವಿನಾಕ್ರಿಡೋನ್ ಕೆಂಪು ಕೊಳ್ಳಿ. ಟ್ಯೂಬಿನ ಕಪ್ಪನ್ನು ನಾನು ತೀರಾ ಕಡಿಮೆ ಬಳಸುತ್ತೇನೆ. ಅಲ್ಟ್ರಾಮರೀನಿಗೆ ಸುಟ್ಟ ಅಂಬರ್ ಎಂಬ ಗಾಢ ಕಂದು ಬೆರೆಸಿದರೆ ಬೇಕಾದಾಗ ನೀಲಿಯತ್ತ, ಬೇಕಾದಾಗ ಕಂದಿನತ್ತ ವಾಲುವ ಕಪ್ಪು ಸಿಗುತ್ತದೆ. ನೆರಳಿಗೆ ಜೀವ ಬರುವುದು ಆ ವಾಲುವಿಕೆಯಿಂದ.

ಅಕ್ರಿಲಿಕ್ ಏಕೆ ಬೇಡ ಎಂದರೆ, ಬೇಡವೆಂದಿಲ್ಲ. ಅದು ಬೇಗ ಒಣಗುತ್ತದೆ, ಒಣಗಿದ ಮೇಲೆ ಒಂದು ಛಾಯೆ ಗಾಢವಾಗುತ್ತದೆ. ಆಕಾಶದಂಥ ಮೆಲ್ಲನೆ ಬದಲಾಗುವ ಜಾಗದಲ್ಲಿ ಇವೆರಡೂ ತಲೆನೋವು. ಬಣ್ಣ ಸಿಂಪಡಿಸುವ ಏರ್‌ಬ್ರಷ್ ಹಿಡಿದವರಿಗೆ ಅದೇ ವರ.

ಕುಂಚದ ಗುರುತು ಒಂದೂ ಕಾಣದಂತೆ ಹೇಗೆ?

ತೆಳುವಾಗಿ, ಹಲವು ಸಲ. ಮೊದಲು ಕಂದು-ಬೂದಿನಲ್ಲಿ ಇಡೀ ಚಿತ್ರದ ನೆರಳು ಬೆಳಕು. ಒಣಗಿದ ಮೇಲೆ ಅದರ ಮೇಲೆ ಬಣ್ಣದ ತೆಳು ಪದರಗಳು. ಅರೆಹಸಿ ಇರುವಾಗ ಒಣ ಮೆತ್ತನೆಯ ಕುಂಚವನ್ನು ಮುಟ್ಟಿಯೂ ಮುಟ್ಟದಂತೆ ಆಡಿಸಿದರೆ ಗೆರೆಗಳು ಅಳಿಯುತ್ತವೆ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು: ಈ ಹಳೆಯ ನಿಯಮ ಮೀರಿದರೆ ಮೇಲಿನ ಪದರ ಮುಂದೊಂದು ದಿನ ಬಿರಿಯುತ್ತದೆ. ಅಗಸೆ ಎಣ್ಣೆ ನೀರಿನಂತೆ ಆರುವುದಿಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಅಂಬರ್ ಬೇಗ ಒಣಗುತ್ತದೆ, ಐವರಿ ಕಪ್ಪು ಸತಾಯಿಸುತ್ತದೆ.

ಹೊಸಬರು ಎಲ್ಲ ಅಂಚನ್ನೂ ಚೂಪು ಮಾಡುತ್ತಾರೆ, ಎಲ್ಲ ರಂಧ್ರವನ್ನೂ ಬರೆಯುತ್ತಾರೆ. ಆಗ ಚಿತ್ರ ನಿಜವಾಗುವ ಬದಲು ಕೆತ್ತಿದ ತಗಡಿನ ಹಾಗೆ ಗಡುಸಾಗುತ್ತದೆ.

ಒಂದು ಚಿತ್ರಕ್ಕೆ ಎಷ್ಟು ಕಾಲ ಬೇಕು?

ತಿಂಗಳುಗಳು. ಬರೆಯುವುದಕ್ಕಿಂತ ಒಣಗಲು ಕಾಯುವುದೇ ಹೆಚ್ಚು. ಆದ್ದರಿಂದ ಸದಾ ಎರಡು ಮೂರು ಚಿತ್ರ ಜೊತೆಯಲ್ಲಿ ನಡೆದಿರುತ್ತವೆ.

ಕೃತಕ ಬುದ್ಧಿಮತ್ತೆ ಇದನ್ನೇ ಕ್ಷಣದಲ್ಲಿ ಮಾಡುತ್ತದೆಯಲ್ಲ?

ಖಾನೆಯೊಳಗೆ ಸಮುದ್ರ ಎಂದು ಕೇಳಿದರೆ ಚಿತ್ರ ಕೊಡುತ್ತದೆ, ನಿಜ. ಹಲವು ಸಲ ಮೊದಲ ನೋಟಕ್ಕೆ ಚೆನ್ನಾಗಿಯೇ ಇರುತ್ತದೆ. ಆಮೇಲೆ ಹಿಡಿಕೆಯನ್ನು ನೋಡಿ: ಅದರಲ್ಲಿ ಮಿನುಗುವ ಕಿಟಕಿ ಕೋಣೆಯಲ್ಲಿ ಎಲ್ಲೂ ಇಲ್ಲದ ಕಡೆ ಇರುತ್ತದೆ, ನೆರಳು ಒಂದು ಕಡೆ, ಮಿಂಚು ಇನ್ನೊಂದು ಕಡೆ. ಈ ದೋಷಗಳು ನಾಳೆ ಸರಿಹೋಗಬಹುದು, ನಾನು ಅವುಗಳ ಮೇಲೆ ಬದುಕು ಕಟ್ಟಿಕೊಂಡಿಲ್ಲ. ನನಗೆ ಬೇಕಾದದ್ದು ಮೇಜಿನ ಕೆಳಗೆ ಕನ್ನಡಿ ಹಿಡಿದು ಕೂರುವ ಆ ಕೆಲಸ. ಅದನ್ನು ಯಂತ್ರಕ್ಕೆ ಒಪ್ಪಿಸಿದರೆ ನನ್ನ ಪಾಲಿಗೆ ಉಳಿಯುವುದೇನು? ಸಿದ್ಧವಾದ ಚಿತ್ರ. ಅದರಲ್ಲಿ ನನಗೆ ಅಷ್ಟು ಆಸೆಯಿಲ್ಲ.

ಈ ಚಿತ್ರದ ಅರ್ಥವೇನು?

ಅರ್ಥ ಹೇಳಿದರೆ ಜನ ಚಿತ್ರ ಬಿಟ್ಟು ಅರ್ಥವನ್ನು ನೋಡತೊಡಗುತ್ತಾರೆ. ನಿಮಗೆ ಖಾನೆಯ ಸಮುದ್ರ ಬಚ್ಚಿಟ್ಟ ದುಃಖವಾಗಿ ಕಂಡರೆ ಹಾಗೇ ಇರಲಿ. ಪಕ್ಕದವರಿಗೆ ಅದು ರಜೆಯ ನೆನಪಾಗಿ ಕಂಡರೂ ನನ್ನ ತಕರಾರಿಲ್ಲ. ‘ಸುಮ್ಮನೆ ವಿಚಿತ್ರವಾಗಿರಲೆಂದು ಬರೆದದ್ದೇ?’ ಎಂದು ಕೇಳಿದರೆ ಮಾತ್ರ ಸಿಟ್ಟು ಬರುತ್ತದೆ.

ನಮ್ಮ ಮನೆಯವರ ಭಾವಚಿತ್ರ ಬರೆದುಕೊಡುತ್ತೀರಾ?

ಇಲ್ಲ, ಕ್ಷಮಿಸಿ. ಭಾವಚಿತ್ರದಲ್ಲಿ ಒಂದು ಸುಳ್ಳನ್ನೂ ಸೇರಿಸಲು ಯಾರೂ ಒಪ್ಪುವುದಿಲ್ಲ; ಒಪ್ಪುವ ಸುಳ್ಳುಗಳು ವಯಸ್ಸು, ತೂಕಕ್ಕೆ ಸಂಬಂಧಿಸಿದವು.

ಮನೆಯಲ್ಲೇ ತೈಲವರ್ಣ ಬಳಸುವುದು ಅಪಾಯವೇ?

ಎಚ್ಚರವಿದ್ದರೆ ಇಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಚಿಂದಿ ಬಟ್ಟೆ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆದರೆ, ಎಣ್ಣೆ ಒಣಗುವಾಗ ಹುಟ್ಟುವ ಶಾಖ ಒಳಗೇ ಕೂಡಿಕೊಂಡು ಬೆಂಕಿ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರಡಿ ಒಣಗಿಸಿ, ಇಲ್ಲವೇ ನೀರು ತುಂಬಿದ ಮುಚ್ಚಳದ ಲೋಹದ ಡಬ್ಬಿಗೆ ಹಾಕಿ. ಟರ್ಪೆಂಟೈನ್ ಬಳಸುವ ಕೋಣೆಯಲ್ಲಿ ಗಾಳಿಯಾಡಬೇಕು. ಸೀಸದ ಬಿಳಿ ವಿಷ. ಕ್ಯಾಡ್ಮಿಯಂ ಇರುವ ಬಣ್ಣಗಳನ್ನು ಏರ್‌ಬ್ರಷ್ಷಿನಲ್ಲಿ ಸಿಂಪಡಿಸಬಾರದು, ಒಣಗಿದ ಮೇಲೆ ಉಜ್ಜಿ ಧೂಳೆಬ್ಬಿಸಬಾರದು.

ಕೊಂಡ ಚಿತ್ರವನ್ನು ಹೇಗೆ ನೋಡಿಕೊಳ್ಳಬೇಕು?

ಬಿಸಿಲು ನೇರವಾಗಿ ಬೀಳದ ಗೋಡೆ, ತೇವವಿಲ್ಲದ ಜಾಗ. ಧೂಳಿಗೆ ಒಣ ಮೆತ್ತನೆಯ ಕುಂಚ ಸಾಕು. ಒದ್ದೆ ಬಟ್ಟೆ, ಸಾಬೂನು, ಗಾಜು ಒರೆಸುವ ದ್ರಾವಣ ಯಾವುದೂ ಬೇಡ. ಹೊಸ ಚಿತ್ರವಾದರೆ ಕೊನೆಯ ವಾರ್ನಿಷ್ ಇನ್ನೂ ಆಗಿರುವುದಿಲ್ಲ, ಏಕೆಂದರೆ ತೈಲವರ್ಣ ಒಳಗಿನವರೆಗೆ ಗಟ್ಟಿಯಾಗಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಅಷ್ಟು ಕಾಲ ಕಳೆದ ಮೇಲೆ ತಿಳಿಸಿ, ನಾನೇ ಹಚ್ಚಿಕೊಡುತ್ತೇನೆ. ಅಲ್ಲಿಯವರೆಗೆ ಮೇಲ್ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿಡಬೇಡಿ. ಅಂಟಿಕೊಂಡರೆ ಬಿಡಿಸುವಾಗ ಬಣ್ಣವೂ ಕಿತ್ತು ಬರುತ್ತದೆ.